ಈಯದ ಪಾತ್ರೆ ಎಳೆದ ಗೆರೆ

ಹೊಳೆನರಸೀಪುರ
೧೧-೬-೨೦೦೩, ಬುಧವಾರ

ಪ್ರೀತಿಯ ಸೊಸೆ ರಂಜನಿಗೆ ಅತ್ತೆಯ ಆಶೀರ್ವಾದ.

ಈಗ ಸಂಜೆ ಐದು ಗಂಟೆ. ಬೆಳಗ್ಗೆ ನಲ್ಲಿ ನೀರು ಹಿಡಿದೆ, ಅಡುಗೆ ಮಾಡಿದೆ, ಮಧ್ಯಾಹ್ನ ಹಾಸನದಿಂದ ನನ್ನ ಅಣ್ಣನ ಮಗ ವಿಶ್ವಾಸ್ ಬಂದು ಹೋದ. ಇಷ್ಟೇ ನಡೆದದ್ದು, ಆದರೆ ಇಂಥ ದಿನ ನನ್ನ ಆಯಸ್ಸಿನಲ್ಲಿ ಬಂದಿರಲಿಲ್ಲ. ನಿನ್ನ ಮೈ ಹೇಗಿದೆ? ಸುಸ್ತು ಇಳಿಯಿತೇ? ಅರಕಲಗೂಡಿನಲ್ಲಿ ನಿಮ್ಮಮ್ಮ ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಗೊತ್ತು, ಆದರೂ ಕೇಳುತ್ತೇನೆ. ಮೂರನೆಯ ಬಸಿರೂ ಉಳಿಯದೆ ನೀನು ಅಲ್ಲಿಗೆ ಹೋಗಿ ಎರಡು ತಿಂಗಳಾಯಿತು. ನೀನು ಹೊಲಿಯುತ್ತಿದ್ದ ಹಳದಿ ಕುಲಾವಿ ಸೂಜಿ ಸಮೇತ ಹಾಗೇ ಇದೆ.

ನಮ್ಮ ಈಯದ ಪಾತ್ರೆ ನಿನಗೆ ಗೊತ್ತಲ್ಲ, ನನ್ನ ಅತ್ತೆಯ ಕಾಲದ್ದು, ಅಪ್ಪಟ ತವರ. ಅದರಲ್ಲಿ ಕುದಿಸಿದರೇ ಸಾರಿಗೆ ರುಚಿ ಎಂದು, ನೀನು ಬಸಿರಾದಾಗಲೆಲ್ಲ ಹುಣಸೆಹುಳಿ ಹಿಂಡಿ ದಿನಾ ಎರಡು ಲೋಟ ಕುಡಿಸಿದೆ. "ಅತ್ತೇ, ಮಗು ಸಾರಿನ ಬಣ್ಣಕ್ಕೇ ಹುಟ್ಟುತ್ತೆ, ನೋಡ್ತಿರಿ" ಎಂದು ನೀನು ನಗುತ್ತಿದ್ದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ನಿಮ್ಮ ಮದುವೆಯ ಗಡಿಬಿಡಿಯಲ್ಲಿ ನೀರು ಹಾಕದೆ ಅದನ್ನು ಒಲೆಯ ಮೇಲಿಟ್ಟುಬಿಟ್ಟೆ. ತಳ ಬೆಣ್ಣೆಯಂತೆ ಕರಗಿತು. ಯಾರಿಗೂ ಹೇಳದೆ, ಬೀದಿಗೆ ಬಂದ ಕಲಾಯಿ ತಮ್ಮಯ್ಯನಿಗೆ ಕೊಟ್ಟೆ. "ವಸಿ ಬ್ಯಾರೆ ಈಯ ಸೇರ್ಸಿ ಉಯ್ಕೊಡ್ತೀನಿ ಕಣ್ರವ್ವ, ನಿಮ್ ಮೊಮ್ಮಕ್ಕಳ ಕಾಲಕ್ಕೂ ಓಗ್ತದೆ" ಎಂದ. ಪಾತ್ರೆ ಮೊದಲಿಗಿಂತ ಭಾರವಾಗಿ ಬಂತು. ನಾನು ಹಿಗ್ಗಿದೆ.

ಹೋದ ವಾರ ಊಟಕ್ಕೆ ಬಂದಿದ್ದ ವಿಶ್ವಾಸ್, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನಲ್ಲವೇ, ಅದರ ತಳವನ್ನು ಕ್ಯಾಲೆಂಡರಿನ ಹಿಂಬದಿಗೆ ಉಜ್ಜಿದ. ಪೆನ್ಸಿಲಿನಂತೆ ಕಪ್ಪು ಗೆರೆ ಬಿತ್ತು. "ಅತ್ತೆ, ತವರ ಹೀಗೆ ಬರೆಯಲ್ಲ, ಇದರಲ್ಲಿ ಸೀಸ ಇದೆ" ಎಂದು ಪಾತ್ರೆಯನ್ನು ಪರೀಕ್ಷೆಗೆ ಒಯ್ದ. ಇವತ್ತು ಪರೀಕ್ಷೆಯ ಚೀಟಿ ತಂದ. ಅರ್ಧಕ್ಕರ್ಧ ಸೀಸ. ಹುಳಿ ಬಿದ್ದರೆ ಅದು ಸಾರಿಗೆ ಇಳಿಯುತ್ತದಂತೆ.

ಆಮೇಲೆ ಅವನು ಹೇಳಿದ್ದು ಕೇಳಿ ಬೆರಗಾಗಿ ಕುಳಿತುಬಿಟ್ಟೆ, ರಂಜನಿ. ನಮ್ಮ ತಲೆಯಿಂದ ಗರ್ಭಕೋಶದವರೆಗೆ ರಕ್ತದಲ್ಲೇ ಸುದ್ದಿ ಹೋಗುತ್ತಿರುತ್ತದಂತೆ, ಹಾರ್ಮೋನು ಎಂದು ಅದರ ಹೆಸರು. ಅದು ರಕ್ತದಲ್ಲಿ ಇರುವುದು, ಗೊರೂರು ಅಣೆಕಟ್ಟು ತುಂಬಿದ ನೀರಿಗೆ ಒಂದು ಮೂಟೆ ಉಪ್ಪು ಹಾಕಿದರೆ ಎಷ್ಟೋ ಅಷ್ಟು. ಅಷ್ಟರಲ್ಲೇ ತಿಂಗಳು ತಿಂಗಳೂ ಮೈ ಸಿದ್ಧವಾಗುತ್ತದೆ, ಮಗು ನಿಲ್ಲುತ್ತದೆ. ಸೀಸ ಆ ಸುದ್ದಿಯನ್ನು ಕೆಡಿಸುತ್ತದೆ. ಸುಣ್ಣದ ವೇಷದಲ್ಲಿ ಮೂಳೆ ಸೇರಿ ವರ್ಷಗಟ್ಟಲೆ ಕೂರುತ್ತದೆ. ಬಸಿರಿಯ ಮೈ ತನ್ನ ಮೂಳೆಯನ್ನೇ ಕರಗಿಸಿ ಕೂಸಿನ ಮೂಳೆ ಕಟ್ಟುತ್ತದಂತೆ. ಆಗ ಮೂಳೆಯಲ್ಲಿ ಕೂತ ಸೀಸವೂ ಜೊತೆಗೆ ಹೊರಡುತ್ತದೆ. ಗಿರಿಧರನನ್ನು ಹೆತ್ತವಳು ನಾನು. ತಾಯಿಯ ಮೈ ಇಷ್ಟು ಬಿಚ್ಚಿಕೊಡುತ್ತದೆಂದು ಇವತ್ತಿನವರೆಗೆ ತಿಳಿದಿರಲಿಲ್ಲ. ಇದೇ ಕಾರಣವೆಂದು ಆಣೆ ಮಾಡಲಾಗದು, ರಕ್ತ ನೋಡಬೇಕು ಎಂದ. ಗಂಡಸರ ವೀರ್ಯವನ್ನೂ ಕೆಡಿಸುತ್ತದಂತೆ. ಐದು ವರ್ಷ ನಿನ್ನೊಬ್ಬಳನ್ನೇ ಡಾಕ್ಟರ ಬಳಿ ಅಲೆಸಿದೆವು. ಅದೇ ಸಾರು ಉಂಡ ಗಿರಿಧರನನ್ನು ಯಾರೂ ಕೇಳಲಿಲ್ಲ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನ ಮನಸ್ಸನ್ನು ತಂಪಾಗಿಡಲಿ.

ನಿನ್ನ ಅತ್ತೆ,
ರಂಗನಾಯಕಿ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಎದುರುಮನೆ ದಾಕ್ಷಾಯಣಮ್ಮನಿಗೆ "ಇವಳ ಮೈಯಲ್ಲಿ ಮಗು ನಿಲ್ಲಲ್ಲ ಕಣ್ರೀ" ಎಂದೆ. ನೀನು ಕೇಳಿಸಿಕೊಂಡೆ, ಅದಕ್ಕೇ ಅರಕಲಗೂಡಿಗೆ ಹೋದೆ. ಈಗಷ್ಟೇ ಅವರ ಮನೆಗೆ ಹೋಗಿ, ಪಾತ್ರೆ ಕರಗಿಸಿದ್ದರಿಂದ ಹಿಡಿದು ಎಲ್ಲ ಹೇಳಿಬಂದೆ. "ಆ ಹುಡುಗೀಗ್ ಹೇಳೋದ್ ಬಿಟ್ಟು ನನಗ್ಯಾಕ್ರೀ ಹೇಳ್ತೀರಿ?" ಎಂದರು. ಅದಕ್ಕೇ ಹೇಳುತ್ತಿದ್ದೇನೆ, ತಪ್ಪು ನಿನ್ನ ಮೈಯದಲ್ಲ. ಬರುವುದು ಬಿಡುವುದು ನಿನ್ನಿಷ್ಟ. ರಕ್ತ ಮಾತ್ರ ಪರೀಕ್ಷೆ ಮಾಡಿಸು, ವಿಶ್ವಾಸ್ ಏರ್ಪಾಟು ಮಾಡುತ್ತಾನೆ. ನಾಳೆ ಬೆಳಗ್ಗೆ ಎಂಟರ ಬಸ್ಸಿಗೆ ಗಿರಿಧರನೂ ನಾನೂ ಹಾಸನಕ್ಕೆ ಹೋಗಿ ರಕ್ತ ಕೊಡುತ್ತೇವೆ.