ಈ ಸಲ ನಾವೇ ಅತಿಥಿಗಳು

ಭಾನುವಾರ, ಮಾರ್ಚ್ ೧೨

ಅಕ್ಕಾ,

ಭೂಮಿ ನಡುಗಿ ಎರಡು ತಿಂಗಳಾಯಿತು. ಮನೆ ನಿಂತಿದೆ, ನಾವಿಬ್ಬರೂ ಇದ್ದೇವೆ. ಫೋನಿನಲ್ಲಿ ನಿನಗೆ ಹೇಳಿದ್ದು ಇಷ್ಟೇ. ಪಕ್ಕದಲ್ಲಿ ಇವರಿದ್ದರು, ಅದಕ್ಕೇ ಉಳಿದದ್ದನ್ನು ಬರೆಯುತ್ತಿದ್ದೇನೆ.

ಅವತ್ತು ಇವರು ಲಿಫ್ಟಿನ ನೆತ್ತಿಯ ಮೇಲೆ ಕೂತು ತಂತಿಹಗ್ಗ ನೋಡುತ್ತಿದ್ದರಂತೆ. ನಡುಕ ನಿಂತ ಮೇಲೂ ಇವರನ್ನು ಕೆಳಗಿಳಿಸಲು ಸಂಜೆಯಾಯಿತು. ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಆಮೇಲೆ ಇವರು ಯಾವ ಲಿಫ್ಟಿನೊಳಗೂ ಕಾಲಿಟ್ಟಿಲ್ಲ. ಲಿಫ್ಟ್ ರಿಪೇರಿಯವರು ಚೀಲ ಹೊತ್ತು ಮೆಟ್ಟಿಲು ಹತ್ತುತ್ತಾರೆ! ಒಳಗಿನ ಕೆಲಸವನ್ನು ಜೊತೆಗಾರ ಗುಟ್ಟಾಗಿ ಮಾಡಿಕೊಡುತ್ತಾನೆ. ಮುಂದಿನ ತಿಂಗಳಿಂದ ರಿಪೇರಿಗೆ ಜೊತೆಯಿಲ್ಲದೆ ಒಬ್ಬೊಬ್ಬರನ್ನೇ ಕಳಿಸುತ್ತಾರಂತೆ. ಕೆಲಸ ಹೋದರೆ ಈ ದೇಶವನ್ನೂ ಬಿಡಬೇಕು. ಮನೆಯ ಬಾಗಿಲಿಗೂ ಈಗ ಚಿಲಕ ಹಾಕುವುದಿಲ್ಲ, ಇವರಿಗೆ ಸಮಾಧಾನವಾಗಲಿ ಅಂತ.

ಇಲ್ಲಿಯವರದೊಂದು ಕ್ರಮ ನನಗೆ ಸೋಜಿಗ. ಹೊರಗಿನಿಂದ ಬಂದು ನೆಲೆಸಿದವರ ಮನೆಗಳಿಗೆ, ಮನಸ್ಸು ಹೇಗಿದೆಯೆಂದು ವಿಚಾರಿಸಲು ಒಬ್ಬ ಹೆಂಗಸನ್ನು ಕಳಿಸುತ್ತಾರೆ. ಬಂದು ಕೂತ ಕೂಡಲೇ, "ನಿದ್ದೆ ಬರತ್ತಾ? ಭಯ ಆಗತ್ತಾ?" ಇವರು ಅವರಿಗೆ 'ಹೇಗಿದ್ದೀರಿ ಮೇಡಂ' ಅಂತ ಹೆಸರಿಟ್ಟಿದ್ದಾರೆ. ಮನೆಗೆ ಬಂದವರ ಮುಂದೆ ಯಾರಾದರೂ ಗೋಳು ಹೇಳಿಕೊಳ್ಳುತ್ತಾರೆಯೇ? "ನಮಗೇನ್ರೀ ಆಗಿದೆ, ಗುಂಡುಕಲ್ಲಿನ ಹಾಗಿದ್ದೀವಿ. ನೀವ್ಯಾಕೆ ಇಷ್ಟು ಇಳಿದುಹೋಗಿದ್ದೀರಿ? ಮೊದಲು ಕಾಫಿ ಕುಡೀರಿ," ಅನ್ನುತ್ತಾರೆ ಇವರು.

ಮೂರನೆಯ ಸಲ ಬಂದಾಗ ಮೇಡಂ ತಡೆಯಲಾರದೆ ಹೇಳಿಯೇಬಿಟ್ಟರು. ಗೋಡೆ ಬಿರುಕುಬಿಟ್ಟ ಮನೆಯಿಂದ ಅವರ ತಾಯಿ ಹೊರಗೆ ಬರಲು ಒಪ್ಪುತ್ತಿಲ್ಲವಂತೆ. ಅತ್ತರು. ಇವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಪೂರ್ತಿ ಕೇಳಿಸಿಕೊಂಡರು. ಅವರು ಹೋದ ಮೇಲೆ, "ಪಾಪ ಕಣೇ, ಹೇಳ್ಕೊಂಡು ಹಗುರಾದ್ರು, ಮುಖ ನೋಡಿದ್ಯಾ?" ಅಂದರು.

ನಾನು ಇವರ ಮುಖ ನೋಡುತ್ತಿದ್ದೆ. "ನೀವೂ..." ಅನ್ನುವಷ್ಟರಲ್ಲಿ, "ನನಗೇನಿದೆ ಹೇಳೋಕೆ," ಅಂತ ಲೋಟ ತೊಳೆಯಲು ಎದ್ದುಹೋದರು.

ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಇರುವವರೆಗೆ ಇವರು ಬಂದವರನ್ನು ಉಪಚರಿಸುತ್ತಲೇ ಇರುತ್ತಾರೆ. ಇನ್ನೊಬ್ಬರಲ್ಲಿಗೆ ಹೋದರೋ? ಕೊಟ್ಟದ್ದನ್ನು ಕುಡಿಯಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ನಿಮ್ಮಲ್ಲಿಗೆ ಬಂದಾಗ ಭಾವ "ಆರೋಗ್ಯವಾ?" ಅಂದ ಒಂದೇ ಮಾತಿಗೆ ಇವರು ತಮ್ಮ ಹೊಟ್ಟೆನೋವಿನ ಚರಿತ್ರೆಯನ್ನೆಲ್ಲ ಬಿಚ್ಚಿದ್ದರಲ್ಲ!

ಮೇಡಂಗೆ ಫೋನ್ ಮಾಡಿದೆ. ಬುಧವಾರ ನೀವು ಬರಬೇಡಿ, ನಾವೇ ನಿಮ್ಮ ಕಚೇರಿಗೆ ಬರುತ್ತೇವೆ, ಕಾಫಿ ನೀವು ಮಾಡಿಡಿ ಅಂದೆ. ನಕ್ಕು ಒಪ್ಪಿದರು. ಕಚೇರಿ ನೆಲಮಹಡಿಯಲ್ಲಿದೆ, ವಿಚಾರಿಸಿಕೊಂಡಿದ್ದೇನೆ. ಇವರಿಗೆ ಇನ್ನೂ ಹೇಳಿಲ್ಲ. ಮೇಡಂ ಅವರ ತಾಯಿ ಹೇಗಿದ್ದಾರೆಂದು ಕೇಳಿ ಬರೋಣ ಅಂದರೆ ಹೊರಟಾರು.

ನಿನ್ನ ತಂಗಿ

ಇನ್ನೊಂದು ಮಾತು: ಚಿಲಕದ ವಿಷಯದಲ್ಲಿ ನಿನಗೆ ಸುಳ್ಳು ಬರೆದೆ. ಇವರು ದಿನವೂ ಹಾಕಿಯೇ ಮಲಗುತ್ತಾರೆ. ಎದ್ದುಹೋಗಿ ತೆಗೆದಿಡುವವಳು ನಾನು. ಬುಧವಾರ ಎರಡು ಕುರ್ಚಿ ಹಾಕಿಸಿ, ನನಗೂ ಒಂದು, ಅಂತ ಮೇಡಂಗೆ ಹೇಳಿದ್ದೇನೆ.