ನೀರು ಬಿದ್ದ ಜಾಗ

ಫೆಬ್ರವರಿ ೨೩, ಭಾನುವಾರ

ಪ್ರೀತಿಯ ತಮ್ಮನಿಗೆ,

ನೀನೂ ನಿನ್ನ ಹೆಂಡತಿಯೂ ಮಗಳೂ ಚೆನ್ನಾಗಿದ್ದೀರೆಂದು ನಂಬಿ ಈ ಕಾಗದ ಶುರು ಮಾಡಿದ್ದೇನೆ. ತಡವಾಯಿತು, ಮನ್ನಿಸು ಎಂದು ಬರೆಯಲು ಹೋದರೆ ಪೆನ್ನಿಗೇ ನಾಚಿಕೆ. ಹದಿನೈದು ವರ್ಷಕ್ಕೆ ಯಾರಾದರೂ ತಡ ಅನ್ನುತ್ತಾರಾ? ಅಮ್ಮ ಹೋದಾಗ ಇಬ್ಬರೂ ಅಕ್ಕಪಕ್ಕ ನಿಂತಿದ್ದೆವು. ನೀನು ನನ್ನ ಚಪ್ಪಲಿ ನೋಡುತ್ತಿದ್ದೆ, ನಾನು ನಿನ್ನ ಬೂಟು ನೋಡುತ್ತಿದ್ದೆ. ಅಷ್ಟೇ ನಮ್ಮ ಮಾತುಕತೆ.

ಇಲ್ಲಿ ಎಲ್ಲ ಕ್ಷೇಮ. ನಿನ್ನ ಭಾವನ ಮಂಡಿಗೆ ಶಸ್ತ್ರಚಿಕಿತ್ಸೆ ಆಯಿತು. ಈಗ ಕೋಲು ಹಿಡಿದು ಮನೆಯೊಳಗೇ ಗಸ್ತು ತಿರುಗುತ್ತಾರೆ, ಕುರ್ಚಿಯಿಂದ ಕುರ್ಚಿಗೆ. "ನಿನ್ನ ತಮ್ಮನಿಗೆ ಬರೀತಿದ್ದೀಯಾ? ನಾನು ಕೇಳ್ದೆ ಅಂತ ಬರಿ. ಜಗಳ ಆಡಿದ್ದು ನೀನು, ನಾನಲ್ಲ" ಅಂದರು. ಬರೆದಿದ್ದೇನೆ. ನನಗೆ ನಿವೃತ್ತಿಗೆ ಇನ್ನು ಏಳು ತಿಂಗಳು. ಪ್ರಯೋಗಾಲಯದಲ್ಲಿ ನನ್ನನ್ನು ಈಗಲೂ ಬೂದಿ ಮೇಡಂ ಅಂತಲೇ ಕರೆಯುವುದು, ಬೆನ್ನ ಹಿಂದೆ. ಮುಂದೆ ಕರೆದರೂ ಬೇಜಾರಿಲ್ಲ. ಇಪ್ಪತ್ತೆಂಟು ವರ್ಷ ಬೆಂಕಿ ಆರಿದ ಮೇಲೆ ಹೋಗಿ, ಕಾರಣ ಹುಡುಕುತ್ತ ಬೂದಿ ಕೆದಕಿದವಳನ್ನು ಮತ್ತೇನೆಂದು ಕರೆಯಬೇಕು?

ಈಗ ವಿಷಯಕ್ಕೆ ಬರುತ್ತೇನೆ. ನಿನಗೇ ಬರೆಯಬೇಕಾದ ವಿಷಯ, ಬೇರೆ ಯಾರಿಗೂ ಅಲ್ಲ.

ಎರಡು ತಿಂಗಳ ಹಿಂದೆ ಸ್ಪಂಜಿನ ಹಾಸಿಗೆ ಮಾಡುವ ಷೆಡ್ಡೊಂದು ಸುಟ್ಟಿತು. ಪೂರ್ವಕ್ಕೊಂದು ಕಿಟಕಿ, ಪಶ್ಚಿಮಕ್ಕೊಂದು. ಮುಂದೊಂದು ಬಾಗಿಲು, ಹಿಂದೊಂದು. ಹಿಂದಿನದಕ್ಕೆ ಹೊರಗಿನಿಂದ ಸರಪಳಿ ಬಿಗಿದು ಬೀಗ. ಸರಕು ಕಳುವಾಗುತ್ತದಂತೆ. ಬೆಳಗ್ಗೆ ಹನ್ನೊಂದಕ್ಕೆ ಬೆಂಕಿ ಹತ್ತಿದಾಗ ಒಳಗೆ ಹದಿಮೂರು ಜನ. ಹತ್ತು ಜನ ಮುಂದಿನಿಂದ ಓಡಿದರು. ಮೂವರು ಹಿಂಬಾಗಿಲ ಬುಡದಲ್ಲಿ ಸಿಕ್ಕರು. ಒಬ್ಬಳ ಉಗುರಿನಲ್ಲಿ ಬಾಗಿಲಿನ ಬಣ್ಣ ಇತ್ತು. ಮಾರನೆಯ ದಿನದ ಪತ್ರಿಕೆಯಲ್ಲಿ ಸುಟ್ಟ ಯಂತ್ರಗಳ ಪಟ್ಟಿ ಬಂತು, ಸತ್ತವರ ಹೆಸರು ಬರಲಿಲ್ಲ.

ಆ ಷೆಡ್ಡಿನಲ್ಲಿ ಒಬ್ಬ ಹೆಂಗಸು. ಕಾದ ತಂತಿಯಿಂದ ಸ್ಪಂಜು ಕೊಯ್ಯುವುದು ಅವಳ ಕೆಲಸ, ಜೊತೆಯವರು ಕತ್ತರಿಯಕ್ಕ ಅನ್ನುತ್ತಿದ್ದರು. ಆ ಬೀಗ ತೆಗೆಸಿ ಎಂದು ವರ್ಷದಿಂದ ಮಾಲೀಕನ ಪ್ರಾಣ ತಿಂದವಳು. ಬೆಂಕಿಗೆ ಮೂರು ದಿನ ಮುಂಚೆ ಎಲ್ಲರನ್ನೂ ಕರೆದುಕೊಂಡು ಹೋಗಿ ಅವನ ಮೇಜಿನ ಮುಂದೆ ಕೂತುಬಿಟ್ಟಿದ್ದಳು. ಬೆಂಕಿ ಹತ್ತುವುದಕ್ಕೆ ಐದು ನಿಮಿಷ ಮೊದಲು ಪಾಯಿಖಾನೆಗೆಂದು ಹೊರಗೆ ಹೋಗಿದ್ದಳು. ಇಷ್ಟು ಸಾಕಲ್ಲ? ಮಾಲೀಕ ಪೊಲೀಸರಿಗೆ ಹೇಳಿದ: "ದ್ವೇಷ ಸಾರ್. ಅಂಟಿಗೆ ಹಾಕೋ ಥಿನ್ನರ್ ಸುರಿದು ಹಚ್ಚಿ ಹೋಗಿದ್ದಾಳೆ." ಅವಳು ಜೈಲಿಗೆ ಹೋದಳು. ಬೀಗ ಹಾಕಿದವನು ಮನೆಗೆ ಹೋದ. ನಮ್ಮ ವರದಿಯೊಂದು ಬಿದ್ದರೆ ಮೂರು ಕೊಲೆ ಅವಳ ತಲೆಗೆ ಕಟ್ಟಿದಂತೆ.

ಸ್ಥಳಕ್ಕೆ ಹೋದವನು ನನ್ನ ಸಹೋದ್ಯೋಗಿ. ಎರಡು ಮಕ್ಕಳ ತಂದೆ, ಪ್ರಾಮಾಣಿಕ, ಕೈಬರಹ ಮುತ್ತಿನಂಥದ್ದು. ಕರಡು ತಂದು ನನ್ನ ಮುಂದಿಟ್ಟ. ನೆಲದ ಮೇಲೆ ದ್ರವ ಹರಡಿದ ಆಕಾರದ ಸುಟ್ಟ ಗುರುತು, ಇದೆ. ಕಿಟಕಿಯ ಗಾಜಿನಲ್ಲಿ ಜೇಡರ ಬಲೆಯಂಥ ಬಿರುಕು, ಇದೆ. ಬೂದಿಯಲ್ಲಿ ಥಿನ್ನರಿನ ಅಂಶ, ಇದೆ. ತೀರ್ಮಾನ: ಬೇಕೆಂದೇ ಹಚ್ಚಿದ ಬೆಂಕಿ. ನಿರ್ದೇಶಕರು ಎರಡು ಸಲ ಫೋನು ಮಾಡಿದರು, ಸಹಿ ಆಯ್ತಾ ಎಂದು.

ಸಹಿ ಮಾಡುವವಳೇ ಇದ್ದೆ. ಸುಳ್ಳು ಯಾಕೆ ಹೇಳಲಿ? ಸುಟ್ಟ ಜಾಗ ನೋಡದೆ ಸಹಿ ಮಾಡಬಾರದೆಂಬ ಅಭ್ಯಾಸಕ್ಕೆ ಒಂದು ಸುತ್ತು ಹೋದೆ. ಪೂರ್ವದ ಕಿಟಕಿಯ ಗಾಜು ಕರಡಿನಲ್ಲಿ ಬರೆದಂತೆಯೇ ಇತ್ತು, ಸಣ್ಣ ಸಣ್ಣ ಬಿರುಕಿನ ಬಲೆ. ಪಶ್ಚಿಮದ್ದು ಕೆಳಗೆ ಬಿದ್ದಿತ್ತು, ಉದ್ದುದ್ದ ಚೂರು, ಬಲೆಯ ಸುಳಿವೇ ಇಲ್ಲ. ಥಿನ್ನರ್ ಸುರಿದರು ಅನ್ನುವ ಜಾಗ ಪಶ್ಚಿಮದ ಕಿಟಕಿಗೆ ಮೂರೇ ಹೆಜ್ಜೆ. ಏನನ್ನಾದರೂ ಸುರಿದು ಹಚ್ಚಿದ ಬಿರುಸಾದ ಬೆಂಕಿಯಿಂದ ಗಾಜು ಬಲೆಬಲೆಯಾಗಿ ಸೀಳುತ್ತದೆ ಎಂದು ತಾನೇ ನಮ್ಮ ಪಾಠ? ಹಾಗಿದ್ದರೆ ಪಕ್ಕದ್ದು ಬಿಟ್ಟು ದೂರದ್ದು ಯಾಕೆ ಸೀಳಿತು?

"ನಮೂನೆಯಲ್ಲಿ ಒಂದು ಕಿಟಕಿ ಸಾಕು ಮೇಡಂ. ಬಿರುಕು ಇದೆಯಾ ಇಲ್ಲವಾ, ಅಷ್ಟೇ ಕಾಲಂ" ಎಂದ ಸಹೋದ್ಯೋಗಿ.

ಅಲ್ಲಿಂದ ನೆಟ್ಟಗೆ ಅಗ್ನಿಶಾಮಕ ಠಾಣೆಗೆ ಹೋದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಕಣೋ. ನಿನ್ನ ಕಸುಬಿನವರ ಹತ್ತಿರ ನಾನು ಯಾವತ್ತೂ ಕೇಳಲು ಹೋದವಳಲ್ಲ. ಆ ದಿನ ಪೈಪು ಹಿಡಿದಿದ್ದವನು ಬೂಟು ತೊಳೆಯುತ್ತಿದ್ದ. ನೀರು ಎಲ್ಲಿ ಬಿಟ್ಟಿರಿ ಎಂದೆ. ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕೇಳಿದಳೇನೋ ಎಂದು.

"ಪೂರ್ವದ ಕಡೆಯಿಂದ ಮೇಡಂ. ಪಶ್ಚಿಮದ ಗಲ್ಲೀಲಿ ಗಾಡಿ ನುಗ್ಗಲಿಲ್ಲ. ಕಿಟಕಿಗೇ ಹೊಡೆದ್ವಿ."

"ಗಾಜು?"

"ಕೆಂಪಗೆ ಕಾದ ಗಾಜಿಗೆ ನೀರು ಬಿದ್ರೆ ಇನ್ನೇನಾಗುತ್ತೆ? ಚಟಪಟ ಅಂತ ಸೀಳ್ತು. ದಿನಾ ನೋಡ್ತೀವಲ್ಲ. ಯಾಕೆ, ನಿಮ್ಮ ಪುಸ್ತಕದಲ್ಲಿ ಇಲ್ವಾ?"

ಅವನ ಜೊತೆಯವರು ನಕ್ಕರು. ನಾನೂ ನಕ್ಕಂತೆ ಮಾಡಿದೆ. ನಮ್ಮ ನಮೂನೆಯಲ್ಲಿ ಮೂವತ್ತೆರಡು ಕಾಲಂ ಇವೆ ತಮ್ಮಾ. ಗಾಜಿಗೊಂದು, ನೆಲಕ್ಕೊಂದು, ಮರ ಎಷ್ಟು ಆಳ ಸುಟ್ಟಿದೆ ಅನ್ನುವುದಕ್ಕೊಂದು, ಮಾಲೀಕನ ಹೇಳಿಕೆಗೆ ಎರಡು. ನೀರು ಎಲ್ಲಿ ಬಿತ್ತು ಅನ್ನುವುದಕ್ಕೆ ಕಾಲಮ್ಮೇ ಇಲ್ಲ. ಉರಿಯುವಾಗ ಒಳಗೆ ಹೋದವನಿಗೆ ಬಾಯಿಯೇ ಇಲ್ಲ, ಆರಿದ ಮೇಲೆ ಮೂಗು ಮುಚ್ಚಿಕೊಂಡು ಬಂದವಳಿಗೆ ಮೂವತ್ತೆರಡು ಬಾಯಿ. ಹೊರಗಡೆ ಊರಿಗೆಲ್ಲ ಸಮಾನತೆಯ ಭಾಷಣ ಬಿಗಿಯುವ ನಾನು ಆ ನಮೂನೆ ತುಂಬುತ್ತಲೇ ಮುದುಕಿಯಾದೆ.

ಒಬ್ಬ ಹೇಳಿದ ಮಾತು ಸಾಲದು, ಸುಟ್ಟೇ ನೋಡೋಣ ಎಂದು ಪ್ರಯೋಗಾಲಯದ ಹಿಂದಿನ ಬಯಲಿನಲ್ಲಿ ಇಟ್ಟಿಗೆ, ತಗಡು ಹಾಕಿಸಿ ಒಂದು ಕೋಣೆ ಕಟ್ಟಿಸಿದೆ. ಎದುರುಬದುರು ಎರಡು ಕಿಟಕಿ. ಒಳಗೆ ಅದೇ ಸ್ಪಂಜು, ಚಾವಣಿಯವರೆಗೂ ಪೇರಿಸಿದ್ದು. ಥಿನ್ನರ್ ಇಲ್ಲ, ಪೆಟ್ರೋಲ್ ಇಲ್ಲ, ಸೀಮೆಎಣ್ಣೆ ಒಂದು ತೊಟ್ಟೂ ಇಲ್ಲ. ಮೂಲೆಯಲ್ಲಿ ಕಾದ ತಂತಿ ಇಟ್ಟು, ಅದರ ಮೇಲೆ ಸ್ಪಂಜಿನ ಚೂರು ರಾಶಿ ಹಾಕಿ ಹೊರಗೆ ಬಂದೆವು. ನಾಲ್ಕು ನಿಮಿಷಕ್ಕೆ ಇಡೀ ಕೋಣೆ ಹೊತ್ತಿಕೊಂಡಿತು. ಮೇಲಿನಿಂದ ಕರಗಿದ ಸ್ಪಂಜು ತೊಟತೊಟ ಸೋರಿ ನೆಲದ ಮೇಲೆ ಮಡುಗಟ್ಟಿ ಉರಿಯಿತು. ಠಾಣೆಯವರು ಒಂದೇ ಕಿಟಕಿಗೆ ನೀರು ಬಿಟ್ಟರು.

ತಣ್ಣಗಾದ ಮೇಲೆ ಒಳಗೆ ಹೋದೆವು. ನೀರು ಬಿದ್ದ ಕಿಟಕಿಯಲ್ಲಿ ಬಲೆ. ಬೀಳದ ಕಿಟಕಿಯಲ್ಲಿ ಉದ್ದ ಚೂರು. ನೆಲದ ಮೇಲೆ ಯಾರೋ ಕೊಡದಲ್ಲಿ ಏನನ್ನೋ ಸುರಿದ ಹಾಗೆ ಕಪ್ಪು ಗುರುತು. ಯಾರೂ ಏನೂ ಸುರಿದಿರಲಿಲ್ಲ.

ಸಹೋದ್ಯೋಗಿ ಕುಕ್ಕರುಗಾಲಲ್ಲಿ ಕೂತು ಆ ಗುರುತಿನ ಅಂಚನ್ನು ಟೇಪಿನಿಂದ ಅಳೆದ. ಆಮೇಲೆ, "ನೆಲದ ಗುರುತು, ಗಾಜಿನ ಬಲೆ, ಎರಡೂ ಇದ್ರೆ ಅನುಮಾನವೇ ಬೇಡ ಅಂತ ತರಬೇತಿಯಲ್ಲಿ ನೀವೇ ಕಲ್ಸಿದ್ದಲ್ವಾ ಮೇಡಂ?" ಅಂದ. ತಪ್ಪು ಹೊರಿಸುವ ದನಿಯಲ್ಲ ಅದು. ಅದಕ್ಕೇ ಹೆಚ್ಚು ನೋವಾಯಿತು.

ಹೌದು, ನಾನೇ ಕಲಿಸಿದ್ದು. ಆ ಪಾಠಕ್ಕೆ ನಾನು ಇಟ್ಟುಕೊಂಡಿದ್ದ ಉದಾಹರಣೆ ಯಾವುದು ಅಂತ ನಿನಗೆ ಗೊತ್ತು. ಗಂಡ ಮಲಗಿದ್ದ ಕೋಣೆಗೆ ಸೀಮೆಎಣ್ಣೆ ಸುರಿದಳು ಎಂದು ನನ್ನ ಸಾಕ್ಷಿಯ ಮೇಲೆ ಜೀವಾವಧಿ ಶಿಕ್ಷೆಯಾದ ಹೆಂಗಸು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದೆ ಎಂದು ಅವಳು ಕೊನೆಯವರೆಗೂ ಹೇಳಿದಳು. ಆ ಬೆಂಕಿ ಆರಿಸಿದ್ದು ನೀನು. ಕೋರ್ಟಿನ ಮೊಗಸಾಲೆಯಲ್ಲಿ ನೀನು ನನ್ನ ಕೈ ಹಿಡಿದು ನಿಲ್ಲಿಸಿ, "ಅಕ್ಕಾ, ಆ ಗಾಜಿಗೆ ನೀರು ಹೊಡೆದಿದ್ದು ನಾನು ಕಣೇ. ಸೀಳಿದ್ದು ನನ್ನ ಕಣ್ಣೆದುರಿಗೆ" ಅಂದೆ. ವಕೀಲರೆಲ್ಲ ನಿಂತಿದ್ದರು. "ಪೈಪು ಹಿಡಿಯೋನು ಪೈಪು ಹಿಡ್ಕೊಂಡಿರು, ನನಗೆ ಪಾಠ ಹೇಳಬೇಡ" ಅಂದೆ ನಾನು. ಅವರು ನಕ್ಕರು. ಅಪ್ಪನಿಗೆ ಒಬ್ಬರನ್ನು ಓದಿಸುವ ತಾಕತ್ತು ಇತ್ತು. ನಾನು ಓದಿದೆ, ನೀನು ಹದಿನೆಂಟಕ್ಕೇ ಹೆಲ್ಮೆಟ್ ಹಾಕಿಕೊಂಡೆ. ನೀನು ಬಿಟ್ಟುಕೊಟ್ಟ ಓದನ್ನೇ ಎತ್ತಿ ನಿನ್ನ ಮುಖಕ್ಕೆ ಹೊಡೆದೆ.

ಕತ್ತರಿಯಕ್ಕನ ವರದಿ ಬೇರೆ ಬರೆದೆ. ದ್ರವ ಸುರಿದದ್ದಕ್ಕೆ ಪುರಾವೆ ಇಲ್ಲ. ಥಿನ್ನರಿನ ಅಂಶ ಷೆಡ್ಡಿನ ನಾಲ್ಕೂ ಮೂಲೆಯಲ್ಲಿ ಇದೆ, ಅಂಟು ಕಲಸುವ ಕಡೆ ಅದಿಲ್ಲದೆ ಮತ್ತೇನಿರುತ್ತದೆ? ಕೊಯ್ಯುವ ಯಂತ್ರದ ಸ್ವಿಚ್ಚು ಕೆಟ್ಟು ತಿಂಗಳುಗಟ್ಟಲೆ ಆಗಿತ್ತು, ಅದನ್ನು ತಪ್ಪಿಸಿ ಕರೆಂಟಿನ ವೈರುಗಳನ್ನು ನೇರ ಸುತ್ತಿ ಬಿಟ್ಟಿದ್ದರು. ಆ ಸುತ್ತು ಕರಗದೆ ಬೂದಿಯಲ್ಲಿ ಸಿಕ್ಕಿತು. ಕೊಯ್ಯುವ ತಂತಿ ಆರಬೇಕಾದರೆ ಮೇನ್ ತೆಗೆದು ಷೆಡ್ಡಿಗೆ ಷೆಡ್ಡೇ ಕತ್ತಲು ಮಾಡಬೇಕು. ಬೆಂಕಿ ಹುಟ್ಟಿದ್ದು ಅಲ್ಲಿ. ಕೊನೆಗೆ ಒಂದು ಸಾಲು: ಮೂವರೂ ಸತ್ತದ್ದು ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರಿಂದ.

ನಿರ್ದೇಶಕರು ಆ ಸಾಲಿನ ಮೇಲೆ ಬೆರಳಿಟ್ಟರು. "ಬಾಗಿಲು ನಮ್ಮ ವಿಷಯ ಅಲ್ಲಮ್ಮ. ನಮ್ಮದು ಬೆಂಕಿಯ ಕಾರಣ ಮಾತ್ರ."

"ಸತ್ತವರನ್ನ ಕೇಳಿ ಸಾರ್, ಯಾರ ವಿಷಯ ಅಂತ" ಅಂದೆ.

"ನಿವೃತ್ತಿ ಹತ್ತಿರ ಬಂದ್ರೆ ಎಲ್ರಿಗೂ ಧೈರ್ಯ ಬರುತ್ತೆ" ಅಂದರು. ಆ ಮಾತು ನಿಜ. ಆದರೂ ಸಾಲು ಹಾಗೇ ಉಳಿಯಿತು. ನನ್ನ ಪಕ್ಕದಲ್ಲಿ ಸಹೋದ್ಯೋಗಿಯೂ ಸಹಿ ಹಾಕಿದ. ಅವನಿಗೆ ನಿವೃತ್ತಿಗೆ ಇನ್ನೂ ಇಪ್ಪತ್ತು ವರ್ಷ ಇದೆ, ಅದನ್ನೂ ನಿರ್ದೇಶಕರು ನೋಡಿದರು.

ಹೋದ ಮಂಗಳವಾರ ಕತ್ತರಿಯಕ್ಕನ ಮೇಲಿನ ಕೇಸು ಕೈಬಿಟ್ಟರು. ಬುಧವಾರ ನನ್ನ ಕೋಣೆಗೆ ಬಂದಳು. ಕೈ ಮುಗಿಯುತ್ತಾಳೇನೋ ಅಂದುಕೊಂಡಿದ್ದೆ, ನೋಡು ನನ್ನ ಜಂಬ. ಕೂರಲೂ ಇಲ್ಲ.

"ಬೀಗ ಎಲ್ಲಿದೆ?" ಅಂದಳು.

"ನಮ್ಮ ಹತ್ರಾನೇ ಇದೆ. ಮೊಹರು ಮಾಡಿ ಇಟ್ಟಿದೀವಿ."

"ಕಳ್ಕೋಬೇಡಿ. ನನ್ನನ್ನ ಬಿಟ್ಟಿದ್ದು ಸರಿ, ಅವನನ್ನ ಹಿಡಿಯೋದು ಯಾವಾಗ?" ಮತ್ತೆ ಬಾಗಿಲಲ್ಲಿ ನಿಂತು, "ಐವತ್ತೊಂದು ದಿನ ಒಳಗಿದ್ದೆ. ಜೊತೆಯವಳ ಮುಖ ಮಣ್ಣಿಗೆ ಹೋಗೋ ಮುಂಚೆ ನೋಡಕ್ಕಾಗ್ಲಿಲ್ಲ. ಅದಕ್ಕೆ ನಿಮ್ಮ ವರದೀಲಿ ಜಾಗ ಇದೆಯಾ?" ಎಂದಳು. ಇಲ್ಲ ಅಂದೆ. ಹೋದಳು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಹದಿನೈದು ವರ್ಷದ ಹಿಂದೆ ನಾನು ಕೊಟ್ಟ ಸಾಕ್ಷಿ ತಪ್ಪೆಂದು ಪ್ರಮಾಣಪತ್ರ ಬರೆದು ಹೈಕೋರ್ಟಿಗೆ ಸಲ್ಲಿಸುತ್ತಿದ್ದೇನೆ. ಆ ಬೆಂಕಿಯಲ್ಲಿ ನೀರು ಎಲ್ಲಿ ಬಿತ್ತು, ಯಾವ ಕಿಟಕಿಗೆ, ಎಷ್ಟು ಹೊತ್ತಿಗೆ, ನಿನಗೆ ನೆನಪಿದ್ದಷ್ಟೂ ಬರೆದು ಕಳಿಸು. ಕಳಿಸಲೇಬೇಕೆಂಬ ಬಲವಂತ ಇಲ್ಲ. ಅಕ್ಕ ಕೇಳಿದಳೆಂದು ಬೇಡ, ಆ ಹೆಂಗಸಿಗಾಗಿ. ನಿನ್ನ ಮಾತಿಲ್ಲದೆ ನನ್ನ ಪ್ರಮಾಣಪತ್ರ ಅರ್ಧ ಸತ್ಯವಾಗುತ್ತದೆ.

ನಿನ್ನ ಮಗಳು ಏನು ಓದುತ್ತಿದ್ದಾಳೆಂದು ಕೂಡ ನನಗೆ ಗೊತ್ತಿಲ್ಲ. ಅವಳಿಗೆ ಸೋದರತ್ತೆಯ ಮುದ್ದು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಬೈದರೆ ಬೈಯಲಿ. ನೀನು ಹೋದ ಪ್ರತಿ ಬೆಂಕಿಯಿಂದಲೂ ಹೋದ ಕಾಲಲ್ಲೇ ನಡೆದು ಮನೆಗೆ ಬರುವಂತಾಗಲಿ. ದೊಡ್ಡವಳಾಗಿ ಹರಸುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಹರಸಿದ್ದೇನೆ.

ನಿನ್ನ
ಅಕ್ಕ

ಮರೆತದ್ದು: ಮರೆತದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು. ಆ ಹೆಂಗಸನ್ನು ಹೋದ ವರ್ಷ ಸನ್ನಡತೆಯ ಮೇಲೆ ಬಿಟ್ಟಿದ್ದಾರೆ. ಮೊನ್ನೆ ಶುಕ್ರವಾರ ವಿಳಾಸ ಹುಡುಕಿ ಹೋದೆ. ಎಲ್ಲ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೇ ಕೋಣೆಯ ಮನೆ. ಬಾಗಿಲು ತೆರೆದಳು. ಕೂದಲು ಪೂರಾ ಬೆಳ್ಳಗಾಗಿದೆ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ನನ್ನ ಗುರುತು ಹತ್ತಲಿಲ್ಲ. "ಯಾರಮ್ಮಾ?" ಅಂದಳು. ನನ್ನ ಬಾಯಿಂದ ಬಂದದ್ದು ಏನು ಗೊತ್ತಾ? "ಕರೆಂಟಿನವರು. ಮೀಟರ್ ನೋಡ್ಕೊಂಡು ಹೋಗ್ತೀನಿ." ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮೀಟರ್ ಎತ್ತರದಲ್ಲಿದೆ, ಕಾಣುವುದಿಲ್ಲವೆಂದು ಸ್ಟೂಲು ತಂದು ಹಾಕಿ, ನಾನು ಬೀಳದ ಹಾಗೆ ಅದರ ಕಾಲು ಹಿಡಿದುಕೊಂಡು ನಿಂತಳು. "ಸರಿಯಾಗಿ ನೋಡಿ ಬರ್ಕೊಳ್ಳಿ. ಹೋದ ಸಲ ಬಂದೋರು ನೋಡ್ದೇನೇ ಏನೋ ಗೀಚ್ಕೊಂಡು ಹೋದ್ರು" ಅಂದಳು. ನಾನು ಸರಿಯಾಗಿ ನೋಡಿ ಬರೆದುಕೊಂಡೆ. ಕೆಳಗಿಳಿದು ಬಂದುಬಿಟ್ಟೆ. ಇನ್ನೊಂದು ಸಲ ಒಬ್ಬಳೇ ಹೋದರೂ ಇದೇ ಆಗುತ್ತದೆ ಕಣೋ. ಒಂದು ದಿನ ರಜೆ ಹಾಕಿ ನನ್ನ ಜೊತೆ ಬರುತ್ತೀಯಾ?