ಓರೆ ಹಲ್ಲಿನ ಅಚ್ಚು

ಅತ್ತೆ,

ನಿಮ್ಮ ಮಗನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ನಿನ್ನೆಗೆ ಹೊರಟುಹೋದರು. ಇವತ್ತಿನಿಂದ ನಾನೂ ಆಫೀಸಿಗೆ ಹೊರಟೆ. ನಿಮಗೆ ಈಗಷ್ಟೇ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ. ಬಿಪಿ ಮಾತ್ರೆ ಲೋಟದ ಪಕ್ಕದಲ್ಲಿದೆ. ಬರೀ ಹೊಟ್ಟೆಯಲ್ಲಿ ನುಂಗಬೇಡಿ.

ಸಂಜೆ ತಡವಾಗುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕ್ಲಿಪ್ ಬಿಗಿ ಮಾಡಿಸಿಕೊಂಡು ಬರುತ್ತೇನೆ. ರಾತ್ರಿ ನನಗೆ ಅನ್ನ ಮೆತ್ತಗಿದ್ದರೆ ಸಾಕು. ನಿಮ್ಮ ಮಗನ ಹಾಗೆ ನೀವೂ ಕಿವುಚಿ ಕೊಡಲು ಕೂರಬೇಡಿ.

ಕ್ಲಿಪ್ ತೆಗೆಸಿಬಿಡುತ್ತೇನೆ ಎಂದು ನಿನ್ನೆ ಹೇಳಿದ್ದೆ. ಈಗಲೇ ತೆಗೆಸಿದರೆ ಹಲ್ಲು ನಿಧಾನವಾಗಿ ಹಳೆಯ ಜಾಗಕ್ಕೇ ಹೋಗುತ್ತದಂತೆ. ನನಗೆ ಬೇಕಿದ್ದುದೂ ಅದೇ. ಬೆಳಿಗ್ಗೆ ಕನ್ನಡಿ ನೋಡಿಕೊಂಡೆ. ಹಲ್ಲು ಮೊದಲಿನ ಹಾಗೇ ಆದರೂ, ಅದನ್ನು ನೋಡಿ ನಗುವವರು ಮನೆಯಲ್ಲಿಲ್ಲ.

ಅವರ ಮೇಜಿನ ಮೇಲಿದ್ದ ನನ್ನ ಹಲ್ಲಿನ ಪ್ಲಾಸ್ಟರ್ ಅಚ್ಚು ಕಾಣಲಿಲ್ಲವೆಂದು ಹುಡುಕಬೇಡಿ. "ಆಫೀಸಿಗೆ ಹೋಗೋ ಹೆಂಗ್ಸಿಗೆ ಈ ವಯಸ್ಸಲ್ಲಿ ಕ್ಲಿಪ್ ಯಾಕೋ?" ಎಂದು ನೀವು ಕೇಳಿದ ದಿನವೇ ಅದನ್ನು ತಂದಿದ್ದರು. "ಅವಳಿಗೆ ಬೇಕಂತೆ ಕಣಮ್ಮ. ನಾನು ಬಿದ್ದಿದ್ದು ಆ ಓರೆ ಹಲ್ಲಿಗೆ. ಅವಳ ಬಾಯಲ್ಲಿ ನೆಟ್ಟಗಾಗ್ಲಿ, ನನ್ನ ಮೇಜಿನ ಮೇಲೆ ಹಾಗೇ ಇರ್ಲಿ" ಅಂದಿದ್ದರು. ಡಾಕ್ಟರನ್ನು ಕಾಡಿ ಬೇಡಿ ತಂದ ಎರವಲು ಅದು. ಹಲ್ಲು ಎಷ್ಟು ಸರಿದಿದೆ ಎಂದು ಹೋಲಿಸಲು ಡಾಕ್ಟರಿಗೆ ಬೇಕಂತೆ.

ಒಡೆಯದಿರಲೆಂದು ನಿಮ್ಮ ಮಗನ ಕರ್ಚೀಫಿನಲ್ಲಿ ಸುತ್ತಿಕೊಂಡಿದ್ದೇನೆ. ಅಚ್ಚನ್ನು ಕೊಟ್ಟು ಕರ್ಚೀಫು ವಾಪಸ್ ತರುತ್ತೇನೆ. ಅದನ್ನು ಒಗೆಯಲು ಹಾಕಬೇಡಿ.